ವಿಲಿಮೈನಾಳ ಬ್ರಶ್ಶು

ನಮ್ಮ ದ್ವೀಪದ ಲೆವುಕಾ ಪಟ್ಟಣದ ಕಡಲ ದಂಡೆಯ ರಸ್ತೆಯಲ್ಲಿ ನನ್ನದೊಂದು ಅಂಗಡಿಯಿದೆ. ಆ ಮಂಗಳವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯಲು ಬಂದಾಗ ರೋಪಾಟೆ ಭಾವ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರು ನನ್ನ ಅಕ್ಕ ವಿಲಿಮೈನಾಳ ಗಂಡ. ದೋಣಿಗಳ ಇಂಜಿನ್ ರಿಪೇರಿ ಮಾಡುವವರು. ಮೂವತ್ತೆರಡು ವರ್ಷಗಳಲ್ಲಿ ತಂಬಾಕು, ಮೊಳೆ ಬಿಟ್ಟು ಬೇರೇನನ್ನೂ ಅವರು ನನ್ನ ಅಂಗಡಿಯಲ್ಲಿ ಕೇಳಿದ್ದಿಲ್ಲ.

“ಕೆಲೇರಾ, ಒಂದು ಬ್ರಶ್ ಕೊಡು. ಹಲ್ಲುಜ್ಜೋದು.”

“ಇಷ್ಟು ವರ್ಷ ಆದ್ಮೇಲೆ ಉಜ್ಜೋಣ ಅನ್ನಿಸ್ತಾ ಭಾವ?”

“ನನಗಲ್ಲ ಮಾರಾಯ್ತಿ, ನಿನ್ನ ಅಕ್ಕಂಗೆ.”

ಗೋಡೆಗೆ ತೂಗುಹಾಕಿದ್ದನ್ನೆಲ್ಲ ಕಿತ್ತು ಅವರು ಮೇಜಿನ ಮೇಲೆ ಸಾಲಾಗಿ ಇಟ್ಟರು. “ಇದ್ರಲ್ಲಿ ಗಟ್ಟಿ ಯಾವ್ದು?”

“ಅಕ್ಕನ ಬಾಯಲ್ಲಿರೋದು ಹಲ್ಲು, ನಿಮ್ಮ ಇಂಜಿನ್ನಿನ ತುಕ್ಕಲ್ಲ. ಮೆತ್ತಗಿರೋದು ತಗೊಳ್ಳಿ.”

ಅವರು ನಗಲಿಲ್ಲ. ಆಗಷ್ಟೇ ನಾನು ಅವರ ಮುಖವನ್ನು ಸರಿಯಾಗಿ ನೋಡಿದೆ.

“ಅವಳ ಬ್ರಶ್ಶು ಕ್ರಿಸ್‌ಮಸ್ ಆದಾಗಿಂದ ಹೊಸದರ ಹಾಗೇ ಇದೆ ಕಣೇ. ಒಂದೆಳೇನೂ ಬಾಗಿಲ್ಲ. ಮುಂಚೆ ಮೂರು ತಿಂಗಳಿಗೇ ಸವೆಸಿ ಬಿಸಾಕ್ತಿದ್ಲು. ಈಗ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ. ಚರ್ಚಲ್ಲಿ ಹಾಡೋಕೂ ಹೋಗಲ್ಲ ಅಂತಾಳೆ. ಆ ಬ್ರಶ್ಶು ಹಿಡಿಸಿಲ್ವೇನೋ.”

ಮೆತ್ತಗಿನ ಒಂದು ನೀಲಿ ಬ್ರಶ್ ಒಯ್ದರು. ಗುರುವಾರ ಬಂದು ಇನ್ನೊಂದು. ಶುಕ್ರವಾರ ಉದ್ದ ಹಿಡಿಯದು ಮತ್ತೊಂದು.

ಶನಿವಾರ ಅಕ್ಕನೇ ಬಂದಳು. ಬ್ರಶ್ಶುಗಳಿದ್ದ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

“ವಾಪಸ್ ತಗೋ. ಒಂದು ವಾರದಲ್ಲಿ ಮೂರು! ನಿನ್ನ ಬಾಯಿ ನಾರತ್ತೆ ಅಂತ ಹೇಳಕ್ಕೆ ಅವನಿಗೆ ನಾಲಿಗೆ ಬರಲ್ಲ, ಅದಕ್ಕೆ ಬ್ರಶ್ ತಂದು ತಂದು ಹೇಳ್ತಿದಾನೆ.”

ಅವಳ ಕಣ್ಣು ತುಂಬಿತ್ತು. ಒಳಗೆ ಕೂರಿಸಿ ನಿಂಬೆ ಎಲೆಯ ಚಹಾ ಕೊಟ್ಟೆ. ಅವಳು ಕಪ್ಪಿನ ಹಿಡಿಗೆ ಬೆರಳು ಹಾಕಲಿಲ್ಲ; ಎರಡು ಅಂಗೈಗಳ ನಡುವೆ ಒತ್ತಿ ಎತ್ತಿದಳು. ಬೆರಳ ಗಂಟುಗಳು ಶುಂಠಿಯ ಹಾಗೆ ಊದಿದ್ದವು.

“ಅಕ್ಕಾ, ಮುಷ್ಟಿ ಮಡಚು ನೋಡೋಣ.”

ಆಗಲಿಲ್ಲ.

“ಬ್ರಶ್ಶಿನ ಹಿಡಿ ಸಣ್ಣ ಕಣೇ,” ಎಂದಳು ಮೆಲ್ಲಗೆ. “ಹಿಡಿದ್ರೆ ತಿರುಗಿ ಬಿದ್ದುಹೋಗತ್ತೆ. ಬೆರಳಿಗೆ ಪೇಸ್ಟ್ ಹಚ್ಕೊಂಡು ತಿಕ್ಕಿದೆ, ಈಗ ಅದೂ ನೋವು. ಚಾಪೆ ಹೆಣೆಯೋದೂ ನಿಲ್ಸಿದೀನಿ, ಕಣ್ಣು ಮಂಜು ಅಂತ ಸುಳ್ಳು ಹೇಳಿ.”

“ಭಾವನಿಗೆ ಹೇಳ್ಬಾರ್ದಾ?”

“ಹೇಳಿದ್ರೆ ಅವನೇ ನನ್ನ ಹಲ್ಲುಜ್ಜೋಕೆ ನಿಲ್ತಾನೆ. ಆಮೇಲೆ ತಲೆ ಬಾಚ್ತಾನೆ, ತುತ್ತು ತಿನ್ನಿಸ್ತಾನೆ. ಐವತ್ತೆಂಟಕ್ಕೇ ಮಗು ಆಗ್ಲಾ ನಾನು? ನೀನೂ ಹೇಳ್ಬೇಡ.”

ಹೇಳುವುದಿಲ್ಲ ಎಂದೆ. ಸಂಜೆಯೇ ಆ ಬ್ರಶ್ಶುಗಳ ಚೀಲ ಹಿಡಿದು ಭಾವನ ಹತ್ತಿರ ಹೋಗಿ ಹೇಳಿದೆ. ಜೊತೆಗೆ, “ನೀವು ಉಜ್ಜಿಸೋಕೆ ನಿಂತ್ರೆ ಕೆಲಸ ಕೆಟ್ಟಿತು,” ಎಂದೂ ಎಚ್ಚರಿಸಿದೆ. ಭಾವ ಬಟ್ಟೆಯಲ್ಲಿ ಕೈಯ ಗ್ರೀಸನ್ನು ಒರೆಸುತ್ತಲೇ ಇದ್ದರು.

“ನನ್ನ ಮೇಲೆ ಮುನಿಸ್ಕೊಂಡಿದಾಳೆ ಅಂದ್ಕೊಂಡಿದ್ದೆ,” ಎಂದರು.

ಸೋಮವಾರ ಮೀನು ಕೊಡಲು ಅವರ ಮನೆಗೆ ಹೋದಾಗ ಭಾವ ಮೀನುಬಲೆಯಿಂದ, ಅದು ಮುಳುಗದಂತೆ ಕಟ್ಟುವ ಬೆಂಡಿನ ಒಂದು ತೇಲುಬುಂಡೆಯನ್ನು ಬಿಚ್ಚಿ ತಂದಿದ್ದರು. ಕೋಳಿಮೊಟ್ಟೆಗಿಂತ ತುಸು ದಪ್ಪ, ಹತ್ತಿಯಷ್ಟು ಹಗುರ, ಹಗ್ಗ ಪೋಣಿಸಲು ನಡುವೆ ತೂತು. ಆ ತೂತಿಗೆ ನೀಲಿ ಬ್ರಶ್ಶಿನ ಹಿಡಿಯನ್ನು ಬಿಗಿಯಾಗಿ ತೂರಿಸಿ ಅಕ್ಕನ ಮುಂದಿಟ್ಟರು.

“ಹಿಡಿದು ನೋಡು.”

ಅಕ್ಕ ಬ್ರಶ್ಶನ್ನು ಮುಟ್ಟದೆ ನನ್ನನ್ನು ದುರುಗುಟ್ಟಿ ನೋಡಿದಳು. “ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ಅಲ್ವಾ ನಿನಗೆ?”

ನಾನು ಮೀನಿನ ಕಿವಿರನ್ನು ಪರೀಕ್ಷಿಸುತ್ತ ನಿಂತೆ.

“ಅವಳನ್ನ ಯಾಕೆ ಬೈತೀಯ?” ಎಂದರು ಭಾವ. “ಹಿಡಿ ಸಡಿಲ ಆಯ್ತು, ಸರಿಮಾಡ್ಕೊಡು ಅಂತ ಇಡೀ ಊರೇ ನನ್ನ ಹತ್ರ ಬರತ್ತೆ. ನೀನೊಬ್ಬಳು ಬರಲಿಲ್ಲ.”

ಅಕ್ಕ ಬ್ರಶ್ಶನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಏನೋ ಬಿದ್ದ ಸದ್ದು. ಭಾವ ಮುಂದೆ ಹೆಜ್ಜೆಯಿಟ್ಟರು. ನಾನು ಅವರ ಅಂಗಿ ಹಿಡಿದು ಎಳೆದೆ. ಆಮೇಲೆ ನಲ್ಲಿ ಸುರಿಯಿತು, ಮುಕ್ಕಳಿಸಿದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅಕ್ಕ ಹೊರಬಂದಳು. ಗಲ್ಲದ ಮೇಲೆಲ್ಲ ನೊರೆ.

“ಈ ಕಡೆ ಸ್ವಲ್ಪ ದಪ್ಪ ಆಯ್ತು,” ಎಂದು ಗಂಡನ ಕೈಗೆ ಕೊಟ್ಟಳು. “ಕೆತ್ತು.”

ಭಾವ ಚಾಕು ಹುಡುಕಲು ಆಚೆ ಹೋದವರು ಚಾಕು ಜೇಬಿನಲ್ಲೇ ಇದ್ದರೂ ಎಷ್ಟೋ ಹೊತ್ತು ಒಳಗೆ ಬರಲಿಲ್ಲ.

ಆಸ್ಪತ್ರೆಯ ನರ್ಸ್ ಗಂಟುನೋವಿಗೆ ಮಾತ್ರೆ ಕೊಟ್ಟಳು. ಊತ ತುಸು ಇಳಿಯಿತು, ಬೆರಳು ಮೊದಲಿನಂತಾಗಲಿಲ್ಲ. ಅರ್ಧಕ್ಕೆ ನಿಂತಿದ್ದ ಕೇದಗೆ ಎಲೆಯ ಚಾಪೆಯನ್ನು ನಾನೂ ಅವಳ ಸೊಸೆಯೂ ಹೆಣೆದು ಮುಗಿಸಿದೆವು. ಅಕ್ಕ ಪಕ್ಕದಲ್ಲಿ ಕುಳಿತು, “ಕತ್ತೆಗಳಾ, ಅಂಚು ಸೊಟ್ಟ!” ಎಂದು ಬಾಯಿತುಂಬ ಬೈಯುತ್ತಿದ್ದಳು. ಆಗಸ್ಟಿನಲ್ಲಿ ಚರ್ಚಿನ ಗಾಯಕರ ಸಾಲಿಗೂ ಮರಳಿದಳು.

ಸೆಪ್ಟೆಂಬರಿನಲ್ಲಿ ನೀಲಿ ಬ್ರಶ್ಶಿನ ಎಳೆಗಳು ಸವೆದು ಕೆದರಿದವು. ನಾನು ಹಸಿರು ಬಣ್ಣದ ಹೊಸದೊಂದನ್ನು ಒಯ್ದೆ. ಬುಂಡೆಯಿಂದ ಹಳೆಯದನ್ನು ಕೀಳಲು ಭಾವ ಕೈಚಾಚಿದರು.

“ಇರು, ನಾನೇ ಬದಲಾಯಿಸ್ತೀನಿ,” ಎಂದಳು ಅಕ್ಕ.

ಹಳೆಯ ಬ್ರಶ್ಶಿನ ತಲೆಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಎರಡೂ ಅಂಗೈಗಳಿಂದ ಬುಂಡೆಯನ್ನು ತಿರುಗಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ತಿರುಗಿಸಿದಳು. ಭಾವ ತಮ್ಮ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತಿದ್ದರು. ತಟ್ಟೆಯಲ್ಲಿದ್ದ ಬೇಯಿಸಿದ ಮರಗೆಣಸು ತಣ್ಣಗಾಯಿತು; ಯಾರೂ ಮುಟ್ಟಲಿಲ್ಲ. ಕೊನೆಗೆ ಬುಂಡೆ ಕಿತ್ತುಬಂತು. ಹಸಿರು ಬ್ರಶ್ಶಿನ ಹಿಡಿಯನ್ನು ತೂತಿಗಿಟ್ಟು, ಬುಂಡೆಯನ್ನು ಮೇಜಿಗೆ ಊರಿ, ಮೈಭಾರ ಬಿಟ್ಟು ಅದುಮಿದಳು.

“ಆಯ್ತು,” ಎಂದಳು. “ಈಗ ತಿನ್ನಿ.”