ತೊಟ್ಟಿಲ ಕೆಳಗಿನ ಕೇಂದ್ರ

ಗಣಿತದವರಿಗೆ ದೆವ್ವ ಎದುರಾದರೂ ಮೊದಲು ಅದರ ಎತ್ತರ ಅಳೆಯುವ ಚಟ! ಹೈಸ್ಕೂಲಿನ ಗಣಿತ ಮೇಡಂ ಕೋಕಿಲಾ ಅದೇ ಜಾತಿ. ಎಂಬತ್ತಾರನೇ ಇಸವಿಯಲ್ಲಿ ಮೂಡಲಪಾಳ್ಯದ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ಹೊಸ ಮನೆಯ ಕೆಂಪು ಸಿಮೆಂಟಿನ ನೆಲ ಬಿರುಕು ಬಿಟ್ಟಾಗ ಅವಳು ಹೆದರಲಿಲ್ಲ. ಬಿರುಕು ನೆಟ್ಟಗಿರದೆ ಬಳೆಚೂರಿನ ಹಾಗೆ ಬಾಗಿತ್ತು, ಅದಷ್ಟೇ ಅವಳ ತಲೆ ತಿಂದದ್ದು.

"ಸಿಮೆಂಟು ಕಣೇ, ಬಿಸಿಲಿಗೆ ಬಿಟ್ಕೊಳ್ಳತ್ತೆ," ಎಂದು ಗಂಡ ಚನ್ನಕೇಶವ ಫ್ಯಾಕ್ಟರಿ ಬಸ್ಸು ಹಿಡಿಯಲು ಓಡಿದ.

ಹಾಲು ತಂದ ಮುನಿತಾಯಮ್ಮ, ಹಳೇ ಊರಿನ ಮುದುಕಿ, ಹೊಸಿಲು ದಾಟಲಿಲ್ಲ. "ಇಲ್ಲೇ ಕಣವ್ವಾ ನಮ್ಮೂರ ಬಾವಿ ಇದ್ದಿದ್ದು. ಸೈಟ್ ಮಾಡುವಾಗ ಮುಚ್ಚಿದ್ರು. ಬಾಣಂತನ ಮುಗಿಸ್ಕಂಡು ಬಂದ್ಯಲ್ಲ, ಮಗೀನ ತೋರ್ಸಿ ಗಂಗೆ ಪೂಜೆ ಎಲ್ಲಿ ಮಾಡ್ದೆ?"

"ನಲ್ಲೀಗೆ ಅರಿಶಿನ ಕುಂಕುಮ ಇಟ್ಟೆ ಅಜ್ಜಿ."

"ಅಯ್ಯೋ ನನ್ ಕಂದಾ! ಕಾಲ್ ಕೆಳಗೇ ಗಂಗಮ್ಮನ್ನ ಇಟ್ಕಂಡು ನಲ್ಲೀಗಾ? ಮಗಿನ ಮುಖ ನೋಡ್ದೆ ಅವಳು ಸುಮ್ನಿರ್ತಾಳಾ?"

ಕೋಕಿಲಾ ನಕ್ಕಳು. ಅಜ್ಜಿ ಹೋದ ಮೇಲೆ ಸೀಮೆಸುಣ್ಣ ಹಿಡಿದು ನೆಲದಲ್ಲಿ ಕೂತಳು. ಬಾಗಿದ ಬಿರುಕಿನ ಬಿಂದುಗಳನ್ನು ಕೂಡಿಸಿ ಎರಡು ಜ್ಯಾ ಎಳೆದು, ಒಂದೊಂದರ ನಟ್ಟನಡುವಿನಿಂದ ಲಂಬ ಎಳೆದರೆ, ಲಂಬಗಳು ಕೂಡುವುದು ವೃತ್ತದ ಕೇಂದ್ರದಲ್ಲಿ. ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ಹೇಳಿ ಹೇಳಿ ಬಾಯಿಪಾಠವಾದ ಲೆಕ್ಕ. ಗೆರೆಗಳು ಕೂಡಿದಲ್ಲಿ ತಲೆಯೆತ್ತಿದಳು. ನೇರ ಮೇಲೆ, ಸ್ಟ್ಯಾಂಡಿಗೆ ತೂಗುಹಾಕಿದ ಐದು ತಿಂಗಳ ಮಗಳ ತೊಟ್ಟಿಲು ಅಲ್ಲಾಡುತ್ತಿತ್ತು. ಯಾರೂ ತೂಗಿರಲಿಲ್ಲ.

ತೊಟ್ಟಿಲನ್ನು ಅಡುಗೆಮನೆಗೆ ಎಳೆದೊಯ್ದಳು. ನಡುವಿನ ಗೋಡೆ ಆ ವೃತ್ತಕ್ಕೆ ಸ್ಪರ್ಶಕ. ಅಂಚನ್ನು ಮುಟ್ಟುತ್ತದೆ, ಅಷ್ಟೆ. ಅದರಾಚೆ ಭಯವಿಲ್ಲ ಎಂದು ತನಗೆ ತಾನೇ ಪಾಠ ಹೇಳಿಕೊಂಡಳು.

ಮರುದಿನ ಬೆಳಗ್ಗೆ ಅಡುಗೆಮನೆಯಲ್ಲೂ ಬಾಗಿದ ಬಿರುಕು. ಸೀಮೆಸುಣ್ಣ ತಂದು ಗೆರೆ ಎಳೆದಳು. ಕೇಂದ್ರ ಮತ್ತೆ ತೊಟ್ಟಿಲ ಕೆಳಗೇ! ತ್ರಿಜ್ಯ ಮಾತ್ರ ಮೊದಲಿನದರ ಅರ್ಧ. ಸುತ್ತು ಕಿರಿದಾಗುತ್ತಾ ಮಗುವಿನ ಹತ್ತಿರ ಬರುತ್ತಿತ್ತು.

ಗಣಿತ ಮೂಲೆ ಸೇರಿತು. ಅರಿಶಿನ, ಕುಂಕುಮ, ಹೂವು, ಬೆಲ್ಲ ಇಟ್ಟು, ಆ ಬಿಂದುವಿನ ಮೇಲೆ ಮಗುವನ್ನು ಬಗ್ಗಿಸಿ ಹಿಡಿದಳು.

"ತಪ್ಪಾಯ್ತು ತಾಯಿ. ನೋಡ್ಕೋ, ನನ್ ಮಗಳು. ನೋಡ್ಕೋ ಅಷ್ಟೆ, ಇಟ್ಕೋಬೇಡ."

ನೆಲದಡಿಯಲ್ಲಿ ಬಿಂದಿಗೆ ಮುಳುಗುವಂತೆ ಗುಳುಗುಳು ಸದ್ದಾಯಿತು. ಮಗು ಕೇಕೆ ಹಾಕಿತು.

ಸಂಜೆಗೆ ಬಿರುಕುಗಳು ಮುಚ್ಚಿದ್ದವು. "ನಾನ್ ಹೇಳ್ಲಿಲ್ವಾ, ಬರೀ ಸಿಮೆಂಟು!" ಎಂದ ಚನ್ನಕೇಶವ.

ಕೋಕಿಲಾ ತೊಟ್ಟಿಲ ಬಳಿ ಹೋದಳು. ಅವಳು ಚಪ್ಪಾಳೆ ತಟ್ಟಿ ಕರೆದರೂ ಮಗು ಅವಳತ್ತ ನೋಡಲಿಲ್ಲ. ತೊಟ್ಟಿಲ ಅಂಚಿಗೆ ಹೊರಳಿ, ನೆಲ ನೋಡಿ ನಗುತ್ತಿತ್ತು.