ಎಂಟು ಕೊಡದ ಲೆಕ್ಕ

ಶಾರದಾಬಾಯಿ ಪಕ್ಕದ ಖೋಲಿಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲೇ ಮಲ್ಕಮ್ಮನ ಬಾಯಲ್ಲಿ ಅವಳ ಹೆಸರು ಬಾರದ ಹೊತ್ತೇ ಇಲ್ಲದಂತಾಗಿತ್ತು. ಸಾರಿಗೆ ಎಷ್ಟು ಹುಣಸೆಹಣ್ಣು ಹಾಕಬೇಕೆಂಬುದನ್ನೂ ಈಗ ಶಾರದಾನೇ ಹೇಳಬೇಕು.

ಇದು ದ್ರೌಪದಿಗೆ ಸಹಿಸಲಾಗುತ್ತಿರಲಿಲ್ಲ. ಅವಳು ಜೇವರ್ಗಿಯ ಪ್ರೈಮರಿ ಶಾಲೆಯ ಟೀಚರು, ಮಲ್ಕಮ್ಮ ಸರಕಾರಿ ದವಾಖಾನೆಯ ನರ್ಸು. ನಾಲ್ಕು ವರ್ಷದಿಂದ ಇಬ್ಬರಿಗೂ ಒಂದೇ ಖೋಲಿ, ಒಂದೇ ಸ್ಟೋವು. ವರ್ಗವಾಗಿ ಹೋದ ಡಾಕ್ಟರೊಬ್ಬರು ಮಲ್ಕಮ್ಮನಿಗೆ ಕೊಟ್ಟುಹೋದ ಗಾಜಿನ ತೊಟ್ಟಿಯೂ ಇಬ್ಬರದೇ. ಅದರಲ್ಲಿದ್ದ ನಾಲ್ಕು ಏಂಜಲ್ ಮೀನುಗಳಲ್ಲಿ ಎರಡು ಹೋದ ಚಳಿಗಾಲ ಸತ್ತು ತೇಲಿದ್ದವು. ಈ ಸಲ ಉಳಿದೆರಡೂ ಚಳಿಗೆ ಮೂಲೆ ಹಿಡಿದು ನಿಂತಿದ್ದವು.

ಹೈಸ್ಕೂಲಿನ ವಿಜ್ಞಾನದ ಟೀಚರಾದ ಶಾರದಾಬಾಯಿ ಸ್ಕೇಲು ತಂದು ತೊಟ್ಟಿಯ ಉದ್ದ, ಅಗಲ, ಎತ್ತರ ಅಳೆದಳು.

"ಅರವತ್ತು ಲೀಟರ್ ಹಿಡೀತದ. ನೀರಾಗ ಮುಳುಗಿಸಿಡೋ ಹೀಟರ್ ಸಿಗ್ತಾವ. ಐವತ್ತು ವ್ಯಾಟಿಂದು ಸಾಕು."

"ನೋಡ್ ಬೇ ದ್ರೌಪದಿ, ಎರಡ ನಿಮಿಷದಾಗ ಹೇಳಿಬಿಟ್ಟಳು!" ಎಂದಳು ಮಲ್ಕಮ್ಮ. "ನಾವು ಇಷ್ಟ್ ದಿನ ನೀರು ಹೊತ್ತೀವಿ, ಎಷ್ಟು ಹಿಡೀತದಂತ ನಮಗ ಗೊತ್ತಿತ್ತೇನು?"

ರವಿವಾರ ಮಲ್ಕಮ್ಮನಿಗೆ ಅಂದೋಲಾದಲ್ಲಿ ಲಸಿಕೆಯ ಕೆಲಸವಿತ್ತು. ಶಾರದಾಬಾಯಿ ಬಾಯಿ ತೆರೆಯುವ ಮೊದಲೇ ದ್ರೌಪದಿ, "ಗುಲಬರ್ಗಾಕ್ಕ ನಾ ಹೋಗಿ ಹೀಟರ್ ತರ್ತೇನಿ," ಎಂದುಬಿಟ್ಟಳು.

ಬಸ್ಸಿನಲ್ಲಿ ಕೂತಾಗ ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಶುರುವಾಯಿತು. ತೊಟ್ಟಿ ತೊಳೆದಾಗಲೆಲ್ಲ ಬಾವಿಯಿಂದ ಎಂಟು ಸಲ ಕೊಡ ಹೊತ್ತು ತರುತ್ತಿದ್ದರು. ಕೊಡಕ್ಕೆ ಹದಿನೈದು ಲೀಟರ್. ಅಂದರೆ ನೂರಾ ಇಪ್ಪತ್ತು! ತನ್ನ ಲೆಕ್ಕದ ಮೇಲೆ ತನಗೆ ಎಂದೂ ನಂಬಿಕೆಯಿಲ್ಲದ ದ್ರೌಪದಿ ಟಿಕೀಟಿನ ಹಿಂದೆ ಮೂರು ಸಲ ಬರೆದು ನೋಡಿದಳು. ಮೂರು ಸಲವೂ ಅಷ್ಟೇ ಬಂತು. ವಿಜ್ಞಾನದ ಟೀಚರು ತಪ್ಪು ಹೇಳಿದ್ದಾಳೆ! ಸಂಜೆ ಕಾಲೇಜಿನಲ್ಲಿ ಕಷ್ಟಪಟ್ಟು ಬಿ.ಎ. ಪಾಸಾದ ದಿನವೂ ಅವಳಿಗೆ ಇಷ್ಟು ಹಿಗ್ಗಾಗಿರಲಿಲ್ಲ.

ಮೀನಿನ ಅಂಗಡಿಯ ಖಾಜಾ ಗಾಜಿನ ಕೊಳವೆಯಂಥ ಹೀಟರುಗಳನ್ನು ಸಾಲಾಗಿ ಇಟ್ಟು ಕೇಳಿದ:

"ನೀರು ಎಷ್ಟ್ರಿ ಅಕ್ಕೋರೆ?"

"ಎಂಟು ಕೊಡ. ನೂರಾ ಇಪ್ಪತ್ತು ಲೀಟರ್."

"ಹಂಗಿದ್ರ ನೂರು ವ್ಯಾಟಿಂದು ಒಯ್ರಿ. ಆದ್ರ ಬರಾಬ್ಬರ್ ಅಳದೀರಿಲ್ಲೋ? ಕಾವು ಹೆಚ್ಚಾದ್ರ ತಾನ ಬಂದ್ ಆಗೋ ಸ್ವಿಚ್ ಇದರಾಗ ಅದ, ಖರೇ. ಅದು ಒಂದೊಂದ್ ಸಲ ಅಂಟ್ಕೋತದ. ಸಣ್ಣ ತೊಟ್ಟಿಗಿ ದೊಡ್ಡದು ಹಾಕಿರಿ ಅಂದ್ರ, ನೀವು ಹೊರಗ ಹೋಗಿ ಬರೋದ್ರಾಗ ಮೀನಿನ ಸಾರು ರೆಡಿ! ಸಣ್ಣ ಹೀಟರ್ ಆದ್ರ ನೀರು ನಿಧಾನ ಕಾಯ್ತದ, ನೋಡಿ ತೆಗೀಬಹುದು."

"ಅರವತ್ತ ಲೀಟರ್ ಅನ್ನೋರಿಗೆ ಏನಂತೀರಿ?"

"ಅವರ ತೊಟ್ಟಿ ಬ್ಯಾರೆ ಇರಬೇಕ್ರಿ."

ಆ ಮಾತನ್ನು ದ್ರೌಪದಿ ಬಸ್‌ಸ್ಟ್ಯಾಂಡಿನವರೆಗೂ ಚಪ್ಪರಿಸುತ್ತ ಬಂದಳು. ಮಲ್ಕಮ್ಮನಿಗೆ ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನಲ್ಲೇ ಮಾತು ಜೋಡಿಸಿದಳು: ನೆನಪದಿಲ್ಲೋ ಬೇ, ನಾ ಮ್ಯಾಲೆ ಹಿಡೀತಿದ್ದೆ, ನೀ ಕೆಳಗ ಕೈ ಕೊಡ್ತಿದ್ದಿ... ಮಲ್ಕಮ್ಮನ ಕೈ ಕಣ್ಣಿಗೆ ಕಟ್ಟಿತು. ಕೊಡ ವಾಲಿತು. ಒಳಗಿನ ನೀರೂ ಕಂಡಿತು.

ಅರ್ಧ ಕೊಡ!

ಎದೆಮಟ್ಟದ ಮೇಜಿನ ಮೇಲಿನ ತೊಟ್ಟಿಗೆ ತುಂಬಿದ ಕೊಡ ಎತ್ತಲಾಗದೆ ಅವರು ಮೊದಲಿನಿಂದಲೂ ಅರ್ಧರ್ಧ ಕೊಡವನ್ನೇ ತರುತ್ತಿದ್ದರು. ಎಂಟು ಅರ್ಧ, ಅರವತ್ತು. ಅಷ್ಟರಲ್ಲಿ ಬಸ್ಸು ಭೀಮಾ ಹೊಳೆ ದಾಟಿ ಬಂದಿತ್ತು. ತಿರುಗಿ ಹೋಗುವಂತಿರಲಿಲ್ಲ.

ಮನೆಗೆ ಬಂದರೆ, ಅಂದೋಲಾದಿಂದ ಆಗಲೇ ಮರಳಿದ್ದ ಮಲ್ಕಮ್ಮ, ಶಾರದಾಬಾಯಿ ಇಬ್ಬರೂ ಸೆರಗು ಸಿಕ್ಕಿಸಿಕೊಂಡು ತೊಟ್ಟಿ ತೊಳೆಯುತ್ತಿದ್ದರು. ಮೀನುಗಳು ಬಕೆಟ್ಟಿನಲ್ಲಿದ್ದವು. ತನ್ನ ಜಾಗದಲ್ಲಿ ಶಾರದಾಬಾಯಿ ನಿಂತದ್ದು ಕಂಡು ದ್ರೌಪದಿ ಹೀಟರಿನ ಡಬ್ಬಿಯನ್ನು ಮೇಜಿನ ಮೇಲೆ ಠಪ್ಪನೆ ಇಟ್ಟಳು. ನೂರು ವ್ಯಾಟನ್ನೇ ಹಾಕಿಬಿಡಲೇ? ಯಾರಿಗೆ ಗೊತ್ತಾಗುತ್ತದೆ?

ಮಲ್ಕಮ್ಮ ಡಬ್ಬಿ ನೋಡಿದಳು. "ನೂರು ತಂದಿ?"

"ಗಲತ್ ತಂದೇನಿ," ಎಂದಳು ದ್ರೌಪದಿ. "ಅರ್ಧ ಕೊಡಾನ ಪೂರಾ ಅಂತ ಹಿಡದೆ. ಇವರು ಹೇಳಿದ್ದ ಬರಾಬ್ಬರ್."

"ಇರ್ಲಿ ಬಿಡ್ರಿ ಅಕ್ಕೋರೆ," ಎಂದಳು ಶಾರದಾಬಾಯಿ. "ಒಳಗ ಸ್ವಿಚ್ ಇರ್ತದಲ್ಲ, ನೂರೂ ನಡೀತದ."

"ನಡಿಯಂಗಿಲ್ಲ! ಆ ಸ್ವಿಚ್ ಅಂಟ್ಕೊಂಡ್ರ ಮೀನು ಬೇಯ್ತಾವು. ಐವತ್ತ ಬೇಕು."

ಮಲ್ಕಮ್ಮ ಗೊಳ್ಳನೆ ನಕ್ಕಳು. "ಇಕಿದು ಆಕಿ ಹೇಳ್ತಾಳ, ಆಕಿದು ಇಕಿ ಹೇಳ್ತಾಳ! ಬರೋ ರವಿವಾರ ಇಬ್ಬರೂ ಕೂಡಿ ಹೋಗಿ ಬದಲಿಸ್ಕೊಂಡ್ ಬರ್ರಿ. ಅಲ್ಲೀತನಕ ತೊಟ್ಟಿಗಿ ಕಂಬಳಿ ಹೊಚ್ಚೋಣು."

"ನೀನೂ ಬಾ ಬೇ," ಎಂದಳು ದ್ರೌಪದಿ.

"ನಂಗ ಡ್ಯೂಟಿ ಅದ."

ಶಾರದಾಬಾಯಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸಂಭ್ರಮದಿಂದ ಕೇಳಿದಳು: "ಎಷ್ಟರ ಬಸ್ಸಿಗಿ ಹೋಗೋಣ್ರಿ? ಈ ಊರಾಗ ನಂಗ ಜೋಡಿ ಯಾರೂ ಇಲ್ಲ. ನೀವು ಬಂದ್ರ ಭಾಳ ಚಲೋ ಆಯ್ತು."

ಇವಳು ಒಂದಿಷ್ಟು ಕೆಟ್ಟವಳಾದರೂ ಆಗಿದ್ದರೆ ತನಗೆ ಎಷ್ಟು ಆರಾಮವಿರುತ್ತಿತ್ತು ಎನಿಸಿತು ದ್ರೌಪದಿಗೆ.

"ಎಂಟರ ಬಸ್ಸಿಗ್ರಿ," ಎಂದು ಅವಳು ಕಂಬಳಿ ತರಲು ಒಳಗೆ ಹೋದಳು.