ಬಾಯಿ ತುಂಬ ಮೌನ

ಬಸವಪ್ರಸಾದನ ಕಂಪನಿಯಲ್ಲಿ ಕೃತಕ ಬುದ್ಧಿಮತ್ತೆ ಎಂದರೆ ನಾನು. ರೈತ ತನ್ನ ಈರುಳ್ಳಿ ರಾಶಿಯ ಫೋಟೊ ತೆಗೆದು ಆಪಿಗೆ ಹಾಕಿದರೆ ಅದು ಯಾವ ದರ್ಜೆಯ ಮಾಲು ಎಂದು ಯಂತ್ರವೇ ಹೇಳುತ್ತದೆ ಎಂಬುದು ಅವನ ಪ್ರಚಾರ. ಫೋಟೊ ಬಂದು ಬೀಳುತ್ತಿದ್ದುದು ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಬಾಡಿಗೆ ಶೆಡ್ಡಿನಲ್ಲಿ, ನನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ. ನಾನು ನೋಡಿ ಒಂದನೇ ದರ್ಜೆಯೋ ಎರಡನೆಯದೋ ಒತ್ತುತ್ತಿದ್ದೆ. ಕನ್ನಡ ಎಂ.ಎ. ಮಾಡಿದವಳಿಗೆ ಈರುಳ್ಳಿಯ ಬಗ್ಗೆ ಏನು ಗೊತ್ತು ಎಂದು ಯಾರೂ ಕೇಳಲಿಲ್ಲ. ದಿನಕ್ಕೆ ಬರುತ್ತಿದ್ದ ನಾಲ್ಕಾರು ಫೋಟೊಗಳಲ್ಲಿ ಅರ್ಧ ಬಸವಪ್ರಸಾದನೇ ಕಳಿಸಿದವು. ಆದರೂ ಆ ಕೆಲಸ ನನಗೆ ಒಗ್ಗಿತ್ತು. ಈರುಳ್ಳಿ ಮಾತಾಡುವುದಿಲ್ಲ.

ಬಸವಪ್ರಸಾದ ಮಾತ್ರ ಬಿಡುವಿಲ್ಲದೆ ಮಾತಾಡುತ್ತಿದ್ದ. ಅವನ ಅಪ್ಪ ಸಿದ್ದಮಲ್ಲಪ್ಪನವರು ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ಇಟ್ಟವರು. ಶೆಡ್ಡಿನ ಬಾಡಿಗೆ, ನನ್ನ ಸಂಬಳ ಎಲ್ಲ ಅವರ ಜೇಬಿನಿಂದಲೇ. ಆ ವರ್ಷ ಅವರು ಒಂದು ದಿನ ಶೆಡ್ಡಿಗೆ ಬಂದು, ಖಾಲಿ ಕುರ್ಚಿಗಳನ್ನೆಲ್ಲ ನೋಡಿ, ನಿಂತೇ ಹೇಳಿದರು:

"ದೀಪಾವಳಿ ಒಳಗೆ ಹೊರ್‌ಗಿನೋನು ಒಬ್ನಾದ್ರೂ ನಿನ್ನ ನಂಬಿ ದುಡ್ಡು ಆಕ್ಲಿ ಕಣ್ಲಾ. ಇಲ್ದಿದ್ರೆ ಬಾಗ್ಲು ಆಕ್ಬುಟ್ಟು ಬಂದು ತಕ್ಕಡಿ ಇಡ್ಕೊ."

ತಕ್ಕಡಿಯ ಹೆಸರು ಕೇಳಿದರೆ ಬಸವಪ್ರಸಾದನ ಮುಖ ಬಾಡುತ್ತಿತ್ತು. ಮೈಸೂರಿನಲ್ಲಿ ನಡೆದ ಯುವ ಉದ್ಯಮಿಗಳ ಶಿಬಿರಕ್ಕೆ ಓಡಿದ. ಹೂಡಿಕೆದಾರ ಮಾಲು ನೋಡುವುದಿಲ್ಲ, ಕಥೆ ನೋಡುತ್ತಾನೆ ಎಂದು ಕಲಿತು ಬಂದ. ಮಾಲೇ ಇಲ್ಲದವನಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು? ಚಾಮರಾಜನಗರದ ವರದಿಗಾರ ರಘುನಾಥನನ್ನು ಹಿಡಿದರೆ, ಯಾರಾದರೂ ಹಣ ಹಾಕಿದ್ದರೆ ಹೇಳಿ, ಆಗ ಬರೆಯೋಣ ಎಂದನಂತೆ. ಹಣ ಹಾಕುವವರಿಗೆ ಬರೆದರೆ, ಯಾವ ಪತ್ರಿಕೆಯಲ್ಲಿ ಬಂದಿದೆ, ಕಳಿಸಿ ಎಂದರಂತೆ. ಒಬ್ಬರ ಎಲೆಯಲ್ಲಿ ಬಡಿಸಿದ್ದನ್ನು ನೋಡಿಕೊಂಡೇ ಇನ್ನೊಬ್ಬರು ಊಟಕ್ಕೆ ಕೂರುವ ಜನ.

ಆಗ ಅವನಿಗೆ ನನ್ನ ದೊಡ್ಡವ್ವ ಸುಂದ್ರಮ್ಮನ ನೆನಪಾಯಿತು. ಆಕೆ ಉಮ್ಮತ್ತೂರಿನಿಂದ ಗುಂಡ್ಲುಪೇಟೆಗೆ ಮದುವೆಯಾಗಿ ಹೋದವಳು, ಸಿದ್ದಮಲ್ಲಪ್ಪನವರ ಮಂಡಿಯಲ್ಲೇ ಈರುಳ್ಳಿ ಆರಿಸುವವಳು. ಆಕೆಯ ಮುಖದಲ್ಲಿ ಕಥೆ ಇದೆ, ವಿಡಿಯೊ ಮಾಡೋಣ ಎಂದ. ದೊಡ್ಡವ್ವನಿಗೆ ಹೊಲವಿಲ್ಲ, ಮಾರಲು ಈರುಳ್ಳಿಯಿಲ್ಲ, ಆಪು ಹಿಡಿಸುವಂಥ ಫೋನೂ ಇಲ್ಲ ಎಂದೆ. ಅದೆಲ್ಲ ವಿವರ, ಕಥೆಗೆ ಬೇಕಿಲ್ಲ ಎಂದ.

ವಿಡಿಯೊ ತೆಗೆದ ದಿನ ಶೆಡ್ಡಿಗೆ ಹೊಸ ನೀಲಿ ಜಮಖಾನ ಹಾಸಿದ್ದರು. ಹಿಂದೆ ಈರುಳ್ಳಿ ಮೂಟೆಗಳ ಸಾಲು. ಒಳಗಿನ ಪದರ ಚೆನ್ನಾಗಿ ಕಾಣಲಿ ಎಂದು ಒಂದು ತಟ್ಟೆಯ ತುಂಬ ಈರುಳ್ಳಿ ಹೆಚ್ಚಿ ಆಕೆಯ ಮುಂದಿಟ್ಟರು. ಹೊರಗಿನ ಲಾರಿ ಸದ್ದು ಬರದಂತೆ ಬಾಗಿಲು, ಕಿಟಕಿ ಮುಚ್ಚಿದರು. ಕ್ಯಾಮೆರಾದ ಪಕ್ಕದಿಂದ ಬಸವಪ್ರಸಾದ ಕೇಳಿದ: ನಮ್ಮ ಆಪಿನಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು?

ದೊಡ್ಡವ್ವ ಅವನನ್ನು ನೋಡಿದಳು. ಕಣ್ಣು ನೀರಾಯಿತು. ದವಡೆ ಒಂದಿಷ್ಟು ಅದುರಿತು. ಬಾಯಿ ತೆರೆಯಲಿಲ್ಲ. ಅವನು ಮತ್ತೆ ಕೇಳಿದ. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂತು. ಆಕೆ ಮೆಲ್ಲಗೆ ಎದ್ದು, ಜಮಖಾನ ತುಳಿಯದೆ ಅಂಚಿನಲ್ಲೇ ನಡೆದು, ಬಾಗಿಲು ತೆಗೆದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಶೆಡ್ಡಿನ ಹಿಂಬದಿಯಲ್ಲಿ ಬಾಯಿ ತುಂಬ ಇದ್ದ ಎಲೆಅಡಿಕೆ ಉಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಅಷ್ಟೊಂದು ಈರುಳ್ಳಿ ಹೆಚ್ಚಿ ಬಾಗಿಲು ಮುಚ್ಚಿದರೆ ಮನುಷ್ಯರು ಕೂರುವುದು ಹೇಗೆ ಎಂದು ಕೇಳಿದಳು.

ಒಳಗೆ ಬಸವಪ್ರಸಾದನೂ ಕಣ್ಣೊರೆಸಿಕೊಳ್ಳುತ್ತಿದ್ದ. ಅವನದೂ ಈರುಳ್ಳಿಯೇ. ಆದರೆ ಅವನಿಗೆ ಅದು ತಿಳಿದಂತೆ ಕಾಣಲಿಲ್ಲ.

ಆ ಮೌನಕ್ಕೆ ಕೊಳಲು ಸೇರಿಸಿ ವಿಡಿಯೊವನ್ನು ಜಾಲತಾಣಕ್ಕೆ ಬಿಟ್ಟ. ಜನ ನೋಡಿದರು, ಅತ್ತರು, ಒಬ್ಬರಿಗೊಬ್ಬರು ಕಳಿಸಿದರು. ಮೌನವನ್ನು ಇಷ್ಟಪಟ್ಟವಳು ನಾನು. ಅದಕ್ಕೆ ಹೀಗೆ ಗಿರಾಕಿ ಸಿಕ್ಕುತ್ತಾರೆ ಎಂದು ಎಂದೂ ಎಣಿಸಿರಲಿಲ್ಲ. ಕೊಚ್ಚಿಯ ಹೂಡಿಕೆದಾರರೊಬ್ಬರು, ಆ ತಾಯಿಯನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡುತ್ತೇನೆ ಎಂದು ಬರೆದರು.

ಬಸವಪ್ರಸಾದ ನನ್ನನ್ನು ಮಂಡಿಗೆ ಓಡಿಸಿದ. ಏಂಜೆಲ್ ಬರ್ತಾರಂತೆ ದೊಡ್ಡವ್ವ, ನೀನು ಬರಬೇಕಂತೆ ಎಂದೆ.

"ಯಾರ ಎಂಜ್ಲಮ್ಮಿ?"

ಹೊಸ ಕಂಪನಿಗಳಿಗೆ ಮೊದಲು ದುಡ್ಡು ಹಾಕುವವರನ್ನು ಹಾಗೆ ಕರೆಯುತ್ತಾರೆ ಎಂದು ಬಿಡಿಸಿ ಹೇಳಿದೆ. ದೊಡ್ಡವ್ವ ಕೊಳೆತ ಗೆಡ್ಡೆಯೊಂದನ್ನು ಪಕ್ಕಕ್ಕೆ ಎಸೆದಳು.

"ಉಂಡು ಮಿಕ್ಕಿದ್ದ ಆಕೋರು ಅನ್ನು. ಸರ್ಯಾಗೇ ಎಸ್ರು ಮಡ್ಗವ್ರೆ."

ಕೊಚ್ಚಿಯವರು ಗುಂಡ್ಲುಪೇಟೆಯ ರಸ್ತೆಯಲ್ಲೇ ಬಂದರು. ದಾರಿಯಲ್ಲಿ ಚೆಂಡುಹೂವಿನ ಹೊಲದಲ್ಲಿ ಇಳಿದು ಫೋಟೊ ತೆಗೆಸಿಕೊಂಡಿದ್ದನ್ನು ತೋರಿಸಿದರು. ಹಣದ ವಾಸನೆ ಹಿಡಿದು ರಘುನಾಥನೂ ಬಂದಿದ್ದ. ಅದೇ ಜಮಖಾನ, ಅದೇ ಮೂಟೆಗಳು. ಕೊಚ್ಚಿಯವರು ದೊಡ್ಡವ್ವನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ರೋಗಿಯನ್ನು ಮಾತಾಡಿಸುವ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರು. ಆ ಕ್ಷಣ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಕನ್ನಡಕ್ಕೆ ತಂದೆ.

"ಮನಸ್ನಲ್ಲಿ ಏನೂ ಇರ್ನಿಲ್ಲ ಕಣಪ್ಪ. ಬಾಯ್ ತುಂಬ ಎಲೆಅಡ್ಕೆ ಇತ್ತು. ಉಗಿಯಕ್ಕೆ ಜಾಗ ಇರ್ನಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಬಸವಪ್ರಸಾದ ಇಂಗ್ಲಿಷಿಗೆ ಇಳಿದಿದ್ದ. ಬಾಯಿ ತುಂಬ ಇತ್ತಂತೆ, ಹೊರಗೆ ಹಾಕಲು ಜಾಗವೇ ಇರಲಿಲ್ಲವಂತೆ ಎಂದ. ಎಲೆಅಡಿಕೆಯೊಂದನ್ನು ಬಿಟ್ಟಿದ್ದ, ಅಷ್ಟೆ. ಅವನ ಕಂಪನಿಯಲ್ಲಿ ಅಷ್ಟು ದಿನ ಇದ್ದೆ. ಅವನು ಅಚ್ಚುಕಟ್ಟಾಗಿ ಮಾಡಿದ ಕೆಲಸವೆಂದು ನಾನು ಕಂಡದ್ದು ಅದೊಂದೇ. ರಘುನಾಥನಿಗೆ ಕನ್ನಡ ಬರುತ್ತದೆ. ಅವನ ಕಿವಿಗೂ ಎಲೆಅಡಿಕೆ ಬಿದ್ದಿತ್ತು. ಆದರೆ ಅವನು ಪೆನ್ನು ಎತ್ತಿದ್ದು ಇಂಗ್ಲಿಷು ಕೇಳಿದ ಮೇಲೆ.

ಕೊಚ್ಚಿಯವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಅವರು ಹೇಳಿದ್ದು ಇದೇ ತಾನೆ ಎಂದು ಕೇಳಿದರು.

ನಾನು ಒಂದು ಪದ ಹೇಳಿದರೆ ದೀಪಾವಳಿಗೆ ಬಸವಪ್ರಸಾದ ತಕ್ಕಡಿಯ ಮುಂದೆ. ಆ ಪದ ನಾಲಿಗೆಯ ತುದಿಯಲ್ಲೇ ಇತ್ತು. ಮಂಡಿಕಾಲಿನ ಮೇಲೆ ಕೈಯಿಟ್ಟುಕೊಂಡು ದಯೆಯಿಂದ ಕಾಯುತ್ತಿದ್ದ ಆ ಮುಖವನ್ನು ನೋಡಿದೆ. ಬೆವರುತ್ತಿದ್ದ ಬಸವಪ್ರಸಾದನನ್ನು ನೋಡಿದೆ. ಪೆನ್ನು ಹಿಡಿದವನನ್ನೂ ನೋಡಿದೆ. ಈ ಮೂವರಿಗೆ ನಿಜ ಹೇಳುವುದೂ ಒಂದು ಉಪಕಾರವೇ. ಅದನ್ನು ಮಾಡುವ ಮನಸ್ಸಾಗಲಿಲ್ಲ. ಸುಮ್ಮನೆ ನಿಂತೆ.

ಕೊಚ್ಚಿಯವರು ಎದೆಯ ಮೇಲೆ ಕೈ ಇಟ್ಟುಕೊಂಡರು. ನಿಮಗೂ ಮಾತು ಹೊರಡುತ್ತಿಲ್ಲ, ನನಗೆ ಅರ್ಥವಾಗುತ್ತದೆ ಎಂದರು. ಅಲ್ಲಿಗೆ ನನ್ನ ಮೌನವೂ ಮಾರಾಟವಾಯಿತು.

ಹಣ ಬರುವುದು ಅಂದೇ ನಿಕ್ಕಿಯಾಯಿತು. ಸಿದ್ದಮಲ್ಲಪ್ಪನವರು ಸುದ್ದಿ ಕೇಳಿ, ತಕ್ಕಡಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದರಂತೆ. ಅದು ಸಂತೋಷವೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ರಘುನಾಥನ ವರದಿ ದೊಡ್ಡವ್ವನ ಚಿತ್ರದೊಂದಿಗೆ ಬಂತು. ಪತ್ರಿಕೆ ಹಿಡಿದು ಮಂಡಿಗೆ ಹೋದೆ. ದೊಡ್ಡವ್ವ ರಾಶಿಯ ಮುಂದೆ ಕೂತಿದ್ದಳು. ಒಂದು ಕೆನ್ನೆ ಉಬ್ಬಿತ್ತು. ನಾನು ತಲೆಬರಹ ಓದಿದೆ: 'ಬಾಯಿ ತುಂಬ ಇತ್ತು, ಜಾಗವಿರಲಿಲ್ಲ: ಬಡ ತಾಯಿಯ ನುಡಿಗೆ ಕರಗಿದ ಹೂಡಿಕೆದಾರ'. ಆಕೆ ಕೈ ನಿಲ್ಲಿಸದೆ ಪೂರ್ತಿ ಕೇಳಿದಳು. ಆಮೇಲೆ ಕೈ ಒರೆಸಿಕೊಂಡು ಪತ್ರಿಕೆ ಇಸಿದುಕೊಂಡಳು. ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, ಅದರ ಸುತ್ತ ಉಗುರಿನಿಂದ ಗೀರಿ, ಜೋಪಾನವಾಗಿ ಹರಿದು ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. ಉಳಿದದ್ದನ್ನು ಪೊಟ್ಟಣದಂತೆ ಸುತ್ತಿ, ಬಾಯಲ್ಲಿದ್ದದ್ದನ್ನೆಲ್ಲ ಅದರೊಳಗೆ ಉಗಿದು, ಪೊಟ್ಟಣದ ಬಾಯಿ ಮಡಿಚಿ ಪಕ್ಕಕ್ಕಿಟ್ಟಳು.

"ನಾಳೆದೂ ತಕ್ಕಂಡು ಬಾ ಕಣಮ್ಮಿ."